ಕಪಾಟಿಗೆ ಅಂಟದ ಅಯಸ್ಕಾಂತ

ಸಯನ್, ಮುಂಬಯಿ
ಮಾರ್ಚ್ ೧೯೭೪

ಗೋರೆಗಾಂವ್ ಪ್ರಯೋಗಶಾಲೆಯ ಮಿತ್ರರಿಗೆ,

ನನ್ನ ಮಗಳು ಶಿವಲೀಲಾ ತೀರಿಕೊಂಡಳೆಂದು ನಮ್ಮ ಮನೆಯಲ್ಲಿ ಸೇರಿದ ನಿಮಗೆಲ್ಲ ಕೃತಜ್ಞನಾಗಿದ್ದೇನೆ. ನಿಮ್ಮ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ.

ಅವಳು ಕೊನೆಯದಾಗಿ ಕುಲುಮೆಯಲ್ಲಿ ಕಾಯಿಸಿದ ಫೆರೈಟ್ ಅಯಸ್ಕಾಂತದ ಉಂಗುರವನ್ನು ನೆನಪಿಗೆಂದು ಕೊಟ್ಟಿರಿ. ಅದು ನಮ್ಮ ಕಬ್ಬಿಣದ ಕಪಾಟಿಗೆ ಅಂಟಲಿಲ್ಲ. ನಿಮ್ಮ ಹಾಶಿಮ, "ಅಯ್ಯೋ ಕಾಕಾರ, ಸತ್ತ ಮ್ಯಾಗ್ನೆಟ್ ಕೊಟ್ಟಬಿಟ್ಟೇವ್ರಿ, ನಾಳೆ ಬ್ಯಾರೆದು ತರತೇನ್ರಿ" ಎಂದವನೇ ನಾಲಿಗೆ ಕಚ್ಚಿಕೊಂಡ. ತಪ್ಪು ಅದಲ್ಲ. ಅತಿಯಾದ ಶಾಖದಲ್ಲಿ ಕಣಗಳ ಪರಸ್ಪರ ಹಿಡಿತ ಸಡಿಲುತ್ತದೆಂದು ಶಿವಲೀಲಾ ಊಟದ ಹೊತ್ತಿಗೆ ವಿವರಿಸುತ್ತಿದ್ದಳು. ಆರಿದ ಮೇಲೆ ಹಿಡಿತ ಮರಳುತ್ತದೆ. ಆದರೆ ಒಂದೊಂದು ಭಾಗವೂ ಒಂದೊಂದು ದಿಕ್ಕಿಗೆ ತಿರುಗಿರುವುದರಿಂದ ಹೊರಗೆ ಸೆಳೆತ ಕಾಣುವುದಿಲ್ಲ. ಅವಳ ತಾಯಿ ಈಗ ಅಡುಗೆಮನೆಯಲ್ಲಿರುತ್ತಾಳೆ, ನಾನು ಗ್ಯಾಲರಿಯಲ್ಲಿ.

ತಪ್ಪೆಂದರೆ, ಗೌರವಾರ್ಥವಾಗಿ ಅವಳ ಪ್ರಯೋಗವನ್ನು ನೀವು ನಿಲ್ಲಿಸಿದ್ದು. ನನ್ನ ಕಾಲೇಜಿನ ಚರ್ಚಾಕೂಟದಲ್ಲಾದರೆ, ನಿಲ್ಲಿಸುವುದೇ ಗೌರವವೆಂಬ ಈ ವಾದವನ್ನು ಎದ್ದು ನಿಂತು ಖಂಡಿಸುತ್ತಿದ್ದೆ. ಉಂಗುರವನ್ನು ಯಂತ್ರದಲ್ಲಿಟ್ಟು ಮತ್ತೆ ಅಯಸ್ಕಾಂತವಾಗಿಸಿ, ಅವಳ ಪಟ್ಟಿಯಲ್ಲಿ ಬಾಕಿ ಉಳಿದ ಉಷ್ಣತೆಗಳಲ್ಲಿ ಕಾಯಿಸತಕ್ಕದ್ದು.

ಸೋಮವಾರ ಅದನ್ನು ತರುತ್ತೇನೆ. ದಯವಿಟ್ಟು ಕುಲುಮೆಯನ್ನು ಸಿದ್ಧವಾಗಿಡಿ. ಉಷ್ಣಮಾಪಕದ ಮುಂದೆ ಅವಳು ಕೂರುತ್ತಿದ್ದ ಸ್ಟೂಲಿನ ಮೇಲೆ ನಾನು ಕೂರುತ್ತೇನೆ. ಯಾರನ್ನೂ ಕೇಳದೆ ತೀರ್ಮಾನಿಸಿದ್ದೇನೆ.

ಇತಿ,
ನೀಲಕಂಠಪ್ಪ