ಆಟದಲ್ಲಿ ಗೆದ್ದೆ, ತಿರುವಿನಲ್ಲಿ ನಿಂತೆ

ಗುಬ್ಬಿ,

ನಿನ್ನ ಜೋಡಿ ಹುಡುಕುವ ಕಾರ್ಡಾಟಕ್ಕೆ ಬೆಂಕಿ ಬೀಳಲಿ! "ಹದಿನೆಂಟು ಜೋಡೀನೂ ಹುಡುಕಿದೆಯಲ್ಲಪ್ಪಾ, ನಿನ್ನ ನೆನಪಿಗೆ ಏನೂ ಆಗಿಲ್ಲ, ಸುಮ್ಮನೆ ವ್ಯಾನು ಓಡಿಸು" ಅಂತ ಬೆಳಿಗ್ಗೆ ಗದರಿದೆಯಲ್ಲ, ಈಗ ಕೇಳು. ಎರಡು ತಿಂಗಳು ಆಡಿ ಆಟದಲ್ಲಿ ಹುಲಿಯಾದೆ, ನಿಜ. ಆದರೆ ಇವತ್ತು ನೀರಿನ ಟ್ಯಾಂಕಿನ ತಿರುವಿನಲ್ಲಿ, ಒಂಬತ್ತು ವರ್ಷ ಓಡಿಸಿದ ದಾರಿಯಲ್ಲಿ, ಎಡಕ್ಕೋ ಬಲಕ್ಕೋ ತಿಳಿಯದೆ ನಿಂತುಬಿಟ್ಟೆ. ಹಿಂದೆ ಹನ್ನೊಂದು ಮಕ್ಕಳು. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ನಕ್ಕು, "ಮಾಮಾ, ಇವತ್ತೂ ಮರೆತ್ರಾ? ಎಡಕ್ಕೆ!" ಅಂದಳು.

ಇವತ್ತೂ ಅಂದಳು ಕಣೇ. ಮೊದಲು ಮರೆತದ್ದು ಒಂದೂ ನನಗೆ ನೆನಪಿಲ್ಲ. ನಾಳೆ ಬ್ರೇಕನ್ನೇ ಮರೆತರೆ?

ಶಾಲೆಗೆ ಫೋನ್ ಮಾಡಿ ಅಪ್ಪನಿಗೆ ಜ್ವರ ಅಂತ ಸುಳ್ಳು ಹೇಳಬೇಡ. ಸಂಜೆ ಮಕ್ಕಳನ್ನು ಬಿಟ್ಟುಬರಲು ನಿನ್ನ ಚಿಕ್ಕಪ್ಪನನ್ನು ಒಪ್ಪಿಸಿದ್ದೇನೆ. ಒಲೆ ಆರಿಸಿದ್ದೇನೆ, ಆದರೂ ನೀನೊಮ್ಮೆ ನೋಡು. ನಾಲ್ಕು ಗಂಟೆಗೆ ಡಾಕ್ಟರ ಹತ್ತಿರ ಬಾ. ಒಬ್ಬನೇ ಕೂರಲು ನನಗೆ ಭಯ.

ವ್ಯಾನು ಶಾಲೆಯ ಅಂಗಳದಲ್ಲಿದೆ. ಕೀಲಿ ಕೊಟ್ಟುಬಿಡಲು ನಡೆದೇ ಹೊರಟಿದ್ದೇನೆ. ಆ ಸೀಟಿನಲ್ಲಿ ಇನ್ನು ನಾನು ಕೂರುವುದಿಲ್ಲ.

ಅಪ್ಪ