ಮೂವತ್ತರ ಮೇಲೊಬ್ಬಳು

ಗುರುವಾರ, ಬೆಳಿಗ್ಗೆ

ಪ್ರೀತಿಯ ತಂಗಿಗೆ,

ನೀನು ಹೇಗಿದ್ದೀ ಎಂದು ಕೇಳುವುದಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದೂ ಇಲ್ಲ. ಮಗಳನ್ನು ಮಣ್ಣಿಗೆ ಕಳಿಸಿಕೊಟ್ಟು ಬಂದ ದಿನದಿಂದ ನೀನು ನಮ್ಮ ಮೆಟ್ಟಿಲು ತುಳಿದಿಲ್ಲ, ನಾನೂ ಬಾ ಎನ್ನಲಿಲ್ಲ. ಫೋನಿನಲ್ಲಿ ಮಾತಾಡಲು ಹೋದರೆ ಬೈದುಬಿಡುತ್ತೇನೆ. ಅದಕ್ಕೇ ಕಾಗದ.

ನಿನ್ನೆ ನಮ್ಮ ಇಸ್ತ್ರಿ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಬಟ್ಟೆಯ ಗಂಟಿರಲಿಲ್ಲ. ನಮ್ಮ ಮಗಳ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ತಾಯಿ. ನೀನು ತರಗತಿಯಲ್ಲಿ ಆಡಿಸುವ ಕ್ವಿಜ್‌ನಲ್ಲಿ ತೀರಿಕೊಂಡ ನಮ್ಮ ಮಗಳ ಹೆಸರಿಟ್ಟುಕೊಂಡು ಯಾರೋ ಸೇರುತ್ತಿದ್ದಾರಂತೆ. ಗೋಡೆಯ ಪರದೆಯ ಮೇಲೆ ‘ಗುಂಡುಪಿನ್ನು’ ಎಂದು ಕಂಡಾಗ ಇವಳ ಮಗಳು ಚಪ್ಪಾಳೆ ತಟ್ಟಿದಳಂತೆ. ಹಾಗಾಗಿ ಈ ಕುಚೇಷ್ಟೆ ಅವಳದೇ ಎಂದು ನೀನು ಹಿಡಿದಿದ್ದೀಯಂತೆ. ಶುಕ್ರವಾರ ಹೆಡ್‌ಮೇಡಂ ಮುಂದೆ ತಪ್ಪಾಯಿತು ಎಂದು ಬರೆದುಕೊಡಬೇಕು, ಇಲ್ಲದಿದ್ದರೆ ಬೇರೆ ಶಾಲೆ ನೋಡಿಕೊಳ್ಳಬೇಕು. ಹುಡುಗಿ ಊಟ ಬಿಟ್ಟಿದ್ದಾಳಂತೆ. ಆ ತಾಯಿ ಜಗಳಕ್ಕೆ ಬಂದಿರಲಿಲ್ಲ, ಬೇಡಲು ಬಂದಿದ್ದಳು.

“ನಿಮ್ಮ ತಂಗಿ ಅಲ್ವಾ ಅಕ್ಕ, ಒಂದು ಮಾತು ಹೇಳಿ. ಮಾಡಿಲ್ಲ ಅಂತ ಆಣೆ ಇಡ್ತಾಳೆ ನನ್ನ ಮಗಳು.”

ನಾನು ಹೂಂ ಎಂದೆ. ಇಸ್ತ್ರಿ ಪೆಟ್ಟಿಗೆ ಎತ್ತುವುದು ಮರೆತು ಯಾರದೋ ಅಂಗಿಯ ಕಾಲರು ಸುಟ್ಟುಹೋಯಿತು.

ಆ ಹುಡುಗಿ ಮಾಡಿಲ್ಲ ತಂಗಿ. ಮಾಡಿದ್ದು ನಾನು.

ಹೇಗೆ ಎಂದು ಹೇಳುತ್ತೇನೆ. ಅದಕ್ಕೆ ಮೊದಲು ನಿನ್ನ ಆಟದ ಮಾತು ಆಡಬೇಕು. ಪಾಠ ಎಂದರೆ ಆಕಳಿಸುವ ಮಕ್ಕಳು ಈಗ ಬೆಂಚಿನ ತುದಿಯಲ್ಲಿ ಕೂರುತ್ತವೆ ಎಂದು ನೀನು ಎಷ್ಟು ಖುಷಿಯಿಂದ ಹೇಳಿದ್ದೆ. ಶಾಲೆ ಒಂದು ಪೈಸೆ ಕೊಡದಿದ್ದರೂ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿತು ಎಂದಿದ್ದೆ. ಪುಕ್ಕಟೆ ಆಟಕ್ಕೆ ಮೂವತ್ತು ಜನ ಮಾತ್ರ ಸೇರಬಹುದು, ನಿನ್ನ ತರಗತಿಯಲ್ಲಿ ಮೂವತ್ತೊಂದು ಮಕ್ಕಳು. ಯಾರನ್ನು ಹೊರಗಿಟ್ಟರೂ ಅವರ ಮನೆಯವರು ಕೇಳುತ್ತಾರೆ. ನಿನ್ನ ಅಕ್ಕನ ಮಗಳನ್ನು ಇಟ್ಟರೆ ಕೇಳುವವರು ಯಾರು? ಮೇಡಂ ತನ್ನವರಿಗೇ ಮಣೆ ಹಾಕುತ್ತಾರೆ ಎಂಬ ಮಾತೂ ಬರುವುದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ನಿನಗೆ ನೋಯಲಿ ಎಂದೇ ಬರೆದೆ, ಅಳಿಸುವುದಿಲ್ಲ.

ಅವಳು ನಿನ್ನ ಮೇಲೆ ಒಂದು ದಿನವೂ ದೂರು ಹೇಳಲಿಲ್ಲ. ಚಿಕ್ಕಮ್ಮ ನನಗೆ ಬೋರ್ಡಿನ ಮೇಲೆ ಅಂಕ ಬರೆಯುವ ಕೆಲಸ ಕೊಟ್ಟಿದ್ದಾರೆ, ದೊಡ್ಡ ಕೆಲಸ, ಎನ್ನುತ್ತಿದ್ದಳು. ಯಾರಾದರೂ ರಜೆ ಹಾಕಿದರೆ ಮಾತ್ರ ಇವಳಿಗೆ ಜಾಗ. ಮಳೆಗಾಲ ಬಂತೆಂದರೆ ಖುಷಿ. ಹಿಂದಿನ ಬೆಂಚಿನವನು ಸೀನುತ್ತಿದ್ದಾನಮ್ಮ, ನಾಳೆ ಬರಲಿಕ್ಕಿಲ್ಲ ಎಂದು, ಆಡಲು ಶಾಲೆಗೆ ಒಯ್ಯುವ ನನ್ನ ಫೋನನ್ನು ಹಿಂದಿನ ದಿನವೇ ಚಾರ್ಜಿಗೆ ಹಾಕಿಡುತ್ತಿದ್ದಳು. ನಾನು ನಗುತ್ತಿದ್ದೆ. ಹೊರಗುಳಿದ ದಿನ ಮನೆಗೆ ಬಂದು ಚೀಲ ಇಳಿಸುವ ಮೊದಲೇ ಎಲ್ಲ ಪ್ರಶ್ನೆಗಳನ್ನೂ ಹೇಳಿ, ಎಲ್ಲಕ್ಕೂ ತಾನೇ ಉತ್ತರ ಹೇಳುತ್ತಿದ್ದಳು.

“ಅಮ್ಮ, ನಾನು ಒಳಗಿದ್ದಿದ್ರೆ ಇವತ್ತು ಮೊದಲನೇದು ನಾನೇ.”

ಇದನ್ನು ನಿನಗೆ ಯಾರಾದರೂ ಹೇಳಬೇಕಿತ್ತು.

ಹೊಟ್ಟೆನೋವು ಎಂದು ಆಸ್ಪತ್ರೆಗೆ ಸೇರಿದವಳು ನಡೆದು ಹೊರಗೆ ಬರಲಿಲ್ಲ. ಆಮೇಲೆ ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದ ವಾರ, ಒಂದು ಬೆಳಿಗ್ಗೆ ಫೋನು ಕುಂಯ್ ಎಂದಿತು. ತಂದೆತಾಯಿಯರ ಗುಂಪಿಗೆ ನೀನು ಆಟದ ಲಿಂಕು ಹಾಕಿದ್ದೆ. ಜೊತೆಗೆ ಒಂದು ಸಾಲು: ಇಂದಿನಿಂದ ಎಲ್ಲ ಮಕ್ಕಳಿಗೂ ಜಾಗವಿದೆ.

ನೀನು ಕೆಟ್ಟ ಮನಸ್ಸಿನಿಂದ ಬರೆಯಲಿಲ್ಲ, ಗೊತ್ತು. ಲೆಕ್ಕ ಸರಿಯಾಗಿತ್ತು, ಬರೆದೆ. ನಾನು ಆ ಸಾಲನ್ನು ಓದಿದೆ, ಮತ್ತೆ ಓದಿದೆ. ಲಿಂಕು ಒತ್ತಿದೆ. ಹೆಸರು ಬರೆಯುವ ಕಡೆ ಅವಳು ಹಿಂದೆ ಬರೆದದ್ದು ತಾನಾಗಿಯೇ ಬಂದು ಕೂತಿತು. ಗುಂಡುಪಿನ್ನು. ಕಡ್ಡಿಯಂತಿದ್ದಾಳೆ ಎಂದು ನೀನೇ ಇಟ್ಟ ಹೆಸರು. ನಾನು ‘ಸೇರು’ ಎಂಬುದನ್ನು ಮಾತ್ರ ಒತ್ತಿದೆ, ಅಷ್ಟೇ.

ಒಳಗೆ ಬಿಟ್ಟಿತು ತಂಗಿ. ಯಾರೂ ತಡೆಯಲಿಲ್ಲ.

ಅಲ್ಲಿಂದ ಪ್ರತಿ ಸಲ ಸೇರಿದೆ. ಲಿಂಕು ಬಂದ ಕೂಡಲೇ ಒತ್ತುತ್ತಿದ್ದೆ, ತಡವಾದರೆ ಜಾಗ ಹೋಗುತ್ತದೆಂದು. ಫೋನಿನಲ್ಲಿ ಬಂದ ಪ್ರಶ್ನೆಗಳಿಗೆ ನನಗೆ ಉತ್ತರ ಗೊತ್ತಾಗದೆ ಮೊದಲೆರಡು ಸಲ ಅವಳ ಹೆಸರು ಎಲ್ಲರ ಕೆಳಗೆ ಬಂತು. ಅವಳ ಮಾನ ಕಳೆದ ಹಾಗಾಯಿತು. ಆಮೇಲೆ ಅವಳ ವಿಜ್ಞಾನದ ಪುಸ್ತಕ ಓದತೊಡಗಿದೆ. ನನ್ನ ಓದು ನಿನಗೆ ಗೊತ್ತೇ ಇದೆ. ಒಂದು ಪುಟಕ್ಕೆ ಒಂದು ಸಂಜೆ ಬೇಕು. ಎಲೆ ಹೇಗೆ ಉಸಿರಾಡುತ್ತದೆ, ಹೃದಯಕ್ಕೆ ಎಷ್ಟು ಕೋಣೆ, ಎಲ್ಲ ಕಲಿತೆ. ನಿನ್ನ ಭಾವನಿಗೂ ಹೇಳಿಲ್ಲ. ಅವರಿಗೆ ನಾನು ಫೋನಿನಲ್ಲಿ ಅವಳ ಫೋಟೋ ನೋಡುತ್ತೇನೆ ಎಂದಷ್ಟೇ ಗೊತ್ತು.

ನಾನು ಒಳಗೆ ಹೋದರೆ ಒಂದು ಮಗು ಹೊರಗೆ ಉಳಿಯುತ್ತದೆ ಎಂದು ತಿಳಿದಿರಲಿಲ್ಲ ಎಂದು ಬರೆಯೋಣವೆಂದುಕೊಂಡೆ. ತಿಳಿದಿತ್ತು. ಒಂದೊಂದು ಸಲ ಬೇರೆಯವರ ಮಕ್ಕಳೂ ಉಳಿಯಲಿ, ನೋಡೋಣ ಎಂದೂ ಅನ್ನಿಸಿತ್ತು.

ಆದರೆ ಆ ಹುಡುಗಿಯ ವಿಷಯ ಬೇರೆ. ಇಡೀ ತರಗತಿಯಲ್ಲಿ ಆ ಹೆಸರು ಕಂಡು ಚಪ್ಪಾಳೆ ತಟ್ಟಿದವಳು ಅವಳೊಬ್ಬಳೇ, ಅವಳನ್ನೇ ನೀನು ಎದ್ದು ನಿಲ್ಲಿಸಿದೆ. ನಾಳೆ ಅವಳಿಂದ ಏನನ್ನೂ ಬರೆಸಿಕೊಳ್ಳಬೇಡ. ಈ ಕಾಗದವನ್ನು ಹೆಡ್‌ಮೇಡಂ ಕೈಗೆ ಕೊಡು. ನಿನ್ನ ಮರ್ಯಾದೆ ಹೋಗುತ್ತದೆ, ಅಕ್ಕನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅನ್ನಲಿ. ಅವಳಿಗೆ ಎಲ್ಲರೆದುರು ನೀನು ಕ್ಷಮೆ ಕೇಳಬೇಕು. ಅವರ ಮನೆಗೆ ನಾನೇ ಹೋಗಿ ಕೇಳುತ್ತೇನೆ.

ಇನ್ನು ಮೇಲೆ ನಾನು ಸೇರುವುದಿಲ್ಲ. ಮಾತು ಕೊಡುತ್ತೇನೆ. ಆಟ ನಿಲ್ಲಿಸಬೇಡ, ಮಕ್ಕಳು ಆಡಲಿ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿದಾಗ ಹೇಳುತ್ತೇನೆ. ಅಲ್ಲಿಯವರೆಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ

ಮರೆತ ಮಾತು: ಇವತ್ತೇ ನಿನ್ನ ಕೈಗೆ ಮುಟ್ಟಿಸಬೇಕೆಂದು ಇದನ್ನು ಮಡಚಿ ಲಕೋಟೆಗೆ ಹಾಕಿದ್ದೆ. ಅಷ್ಟರಲ್ಲಿ ಲಿಂಕು ಬಂತು. ಸೇರಿಬಿಟ್ಟೆ. ಮಾತು ಕೊಟ್ಟು ಒಂದು ಗಂಟೆಯೂ ಆಗಿರಲಿಲ್ಲ. ಮೇಲೆ ಬರೆದದ್ದರಲ್ಲಿ ಅದೊಂದನ್ನು ನಂಬಬೇಡ. ಗುಂಪಿನಿಂದ ನನ್ನ ನಂಬರು ತೆಗೆದುಹಾಕು. ನನ್ನನ್ನು ಕೇಳಬೇಡ, ಕೇಳಿದರೆ ತೆಗೆಯಬೇಡ ಎನ್ನುತ್ತೇನೆ.