ತೊಂದರೆಯಾದಲ್ಲಿ ಕರೆಮಾಡತಕ್ಕ ಸಂಖ್ಯೆ

ತಾರೀಖು ಹದಿನಾಲ್ಕು, ಸೋಮವಾರ

ಚಿರಂಜೀವಿ ತಮ್ಮನಿಗೆ ಅಣ್ಣನ ಆಶೀರ್ವಾದ. ತರುವಾಯ ನಿನ್ನ ಅವಗಾಹನೆಗೆ ತರುವ ಸಂಗತಿಗಳು:

೧. ಕ್ಲಿನಿಕ್ಕುಗಳಲ್ಲಿ ರೋಗಿಗಳ ದಾಖಲೆ ಇಡುವ ನಮ್ಮ ಸಾಫ್ಟ್‌ವೇರನ್ನು ಹನ್ನೊಂದು ವರ್ಷಗಳ ಹಿಂದೆ ಈ ಮನೆಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಕಟ್ಟಿ, ಇಂಟರ್ನೆಟ್ ಮೂಲಕ ತಿಂಗಳ ಬಾಡಿಗೆಗೆ ಕೊಡಲಾರಂಭಿಸಿದೆವು. ಯಂತ್ರಕ್ಕೆ ತಿಳಿಯುವ ಭಾಷೆ ನಿನ್ನದು; ತೆರೆಯ ಮೇಲೆ ಮನುಷ್ಯರು ಓದುವ, "ಇಲ್ಲಿ ಒತ್ತಬೇಕೆಂದು ವಿನಂತಿ" ಎಂಬಂಥ ಮಾತುಗಳು, ತಾಲ್ಲೂಕು ಕಚೇರಿಯ ಮುಂದೆ ಕುಳಿತು ಮೂವತ್ತು ವರ್ಷ ಜನರಿಗೆ ಅರ್ಜಿ ಬರೆದುಕೊಟ್ಟ ನನ್ನವು.

೨. ಅದುವರೆಗೆ ಇಂಥದೇ ಸಾಫ್ಟ್‌ವೇರನ್ನು ಡಬ್ಬಿಯಲ್ಲಿ ಸಿ.ಡಿ. ಮಾಡಿ ಮಾರುತ್ತಿದ್ದ ದೊಡ್ಡ ಕಂಪನಿಯು ಕಳೆದ ವರ್ಷ ಇದೇ ಬಾಡಿಗೆ ವ್ಯಾಪಾರಕ್ಕಿಳಿದು, ಮೊದಲ ವರ್ಷ ಪುಕ್ಕಟೆ ಎಂದು ಸಾರಿತು. ನಮ್ಮ ಅರವತ್ತನಾಲ್ಕು ಕ್ಲಿನಿಕ್ಕುಗಳಲ್ಲಿ ಐವತ್ತೈದು ಅತ್ತ ಹೋದವು.

೩. ಐವತ್ತಾರನೆಯವನಾಗಿ ನೀನೂ ಹೋದೆ.

"ಅಣ್ಣಾ, ಅವರ ಹತ್ರ ನಾನೂರು ಜನ ಇಂಜಿನಿಯರ್‌ಗಳಿದಾರೆ. ನಮ್ಮ ಹತ್ರ ಇರೋದು ನಾನು, ಆಮೇಲೆ ನಿನ್ನ ವಿನಂತಿಗಳು, ಅಷ್ಟೇ," ಎಂದು ನೀನು ಹೊಸಿಲಲ್ಲಿ ನಿಂತು ನಕ್ಕೆ. ಆದರೆ ಹೋಗುವಾಗ ಆ ವಿನಂತಿಗಳನ್ನೇ ಕೊಂಡೊಯ್ದು ಅವರಿಗೆ ಒಪ್ಪಿಸಿದೆ.

ಕೊನೆಯಲ್ಲಿ ವಿಳಾಸವಿಲ್ಲದ್ದು ಅರ್ಜಿಯೇ ಅಲ್ಲವೆಂಬ ಅಭ್ಯಾಸಬಲದಿಂದ, ನಾನು ಪ್ರತಿ ಸಹಾಯಪುಟದ ಬುಡದಲ್ಲೂ "ತೊಂದರೆಯಾದಲ್ಲಿ ಕರೆಮಾಡತಕ್ಕ ಸಂಖ್ಯೆ" ಎಂದು ನಮ್ಮ ಮನೆಯ ಫೋನ್ ಸಂಖ್ಯೆ ಬರೆದಿದ್ದೆ. ಅದೂ ಹಾಗೆಯೇ ಅವರ ತೆರೆಯ ಮೇಲೆ ಹೋಗಿ ಕುಳಿತಿದೆ. ನೀನು ನನ್ನ ಬರಹವನ್ನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೊನೆಯವರೆಗೆ ಓದಿಲ್ಲವೆಂಬುದು ನನಗೆ ತಿಳಿದದ್ದು ಹೀಗೆ.

ಮೂರು ತಿಂಗಳಿಂದ ಅವರ ಗಿರಾಕಿಗಳು ನನಗೆ ಕರೆ ಮಾಡುತ್ತಿದ್ದಾರೆ. ಮೊನ್ನೆ ಒಬ್ಬ ನರ್ಸಮ್ಮ, "ರೀ, ಹೆರಿಗೆಗೆ ಬಂದೋರನ್ನ ಗಂಡಸು ಅಂತ ತೋರಿಸ್ತಿದೆ, ಏನ್ರೀ ನಿಮ್ಮ ಕರ್ಮ!" ಎಂದು ಹರಿಹಾಯ್ದಳು. ಎಲ್ಲಿ ಒತ್ತಬೇಕೆಂದು ಹೇಳಿಕೊಟ್ಟೆ. ಸರಿಹೋಯಿತು. "ದೊಡ್ಡ ಕಂಪನಿ ಅಂದ್ರೆ ದೊಡ್ಡ ಕಂಪನೀನೇ ನೋಡಿ, ಫೋನ್ ಎತ್ತೋಕೆ ಒಬ್ಬ ಮನುಷ್ಯನ್ನ ಇಟ್ಟಿದಾರೆ," ಎಂದು ಹೊಗಳಿ ಫೋನ್ ಇಟ್ಟಳು.

ಈಗ ನಿನ್ನ ಪತ್ರ ಬಂದಿದೆ. ಆ ಸಂಖ್ಯೆ ಯಾರದೆಂದು ಕಂಪನಿಯ ವಕೀಲರು ಪತ್ತೆಹಚ್ಚಿದರಂತೆ. "ಆ ಬರಹವನ್ನೆಲ್ಲ ನೀನೇ ಇಷ್ಟಪಟ್ಟು ಕೊಟ್ಟೆ ಅಂತ ಸಹಿ ಹಾಕಿ ಕಳ್ಸು ಅಣ್ಣಾ, ಇಲ್ದಿದ್ರೆ ನನ್ನ ಕೆಲ್ಸ ಹೋಗುತ್ತೆ," ಎಂದಿದ್ದೀಯೆ. ಕ್ಷೇಮವೇ ಎಂದು ಕೇಳಲು ಕಾಗದದಲ್ಲಿ ಜಾಗವಿತ್ತು.

ಕಂಡವರ ಸುಳ್ಳುಗಳನ್ನೆಲ್ಲ ಮೂವತ್ತು ವರ್ಷ ದುಂಡಗೆ ಬರೆದುಕೊಟ್ಟಿದ್ದೇನೆ. ಕೆಳಗಿನ ಸಹಿ ಎಂದೂ ನನ್ನದಾಗಿರಲಿಲ್ಲ. ಇಂದು ಆಯಿತು. ನಿಮ್ಮ ವಕೀಲರ ಒಕ್ಕಣೆ ತೀರಾ ಒರಟಾಗಿದ್ದರಿಂದ ಎರಡು ಕಡೆ ತಿದ್ದಿದ್ದೇನೆ.

ಉಳಿದ ಒಂಬತ್ತು ಕ್ಲಿನಿಕ್ಕುಗಳನ್ನೂ ನೀನೇ ಕರೆದುಕೊಳ್ಳತಕ್ಕದ್ದು. ಅವರಿಗೆ ತಿಳಿಸಿದ್ದೇನೆ. ಹಲ್ಲಿನ ಡಾಕ್ಟರು ಮಾತ್ರ, "ಯಜಮಾನ್ರೇ, ನಿಮ್ಮ ತಮ್ಮನೇ ಬಂದು ಕೇಳ್ಲಿ," ಎಂದರು. ಹೋಗಿ ಕೇಳು.

ಇಂತು,
ನಿನ್ನ ಅಣ್ಣ
(ಸಹಿ)

ಮೇಲೆ ಬರೆಯದೆ ಬಿಟ್ಟದ್ದು: ಆ ಕರೆಗಳನ್ನೆಲ್ಲ ನಾನು ಎತ್ತಿದ್ದು ಕಂಪನಿಯ ಮೇಲಿನ ಕನಿಕರದಿಂದಲ್ಲ. ಆ ಸಂಖ್ಯೆ ನಿನಗೆ ಬಾಯಿಪಾಠವಿತ್ತು. ಫೋನ್ ರಿಂಗಾದಾಗಲೆಲ್ಲ ನೀನಿರಬಹುದೆಂದು ಏಳುತ್ತಿದ್ದೆ.

ಲಗತ್ತುಗಳು:
೧. ಸಹಿ ಮಾಡಿದ ಒಪ್ಪಿಗೆ ಪತ್ರ, ಒಂದು ಹಾಳೆ.
೨. ಸದರಿ ಫೋನ್ ಸಂಪರ್ಕವನ್ನು ಕಡಿತಗೊಳಿಸಬೇಕೆಂದು ದೂರವಾಣಿ ಕಚೇರಿಗೆ ಸಲ್ಲಿಸಿದ ಅರ್ಜಿಯ ನಕಲು, ಒಂದು ಹಾಳೆ.